ಮಲಗಿಸಿ ಎಬ್ಬಿಸುವ ಕೆಲಸ

ಅಪ್‌ಡೇಟ್ ಮುಗಿಯಿತು ಎಂದು ಪರದೆ ಹೇಳುತ್ತದೆ. ಮುಗಿದಿರುವುದಿಲ್ಲ. ಲಿನಕ್ಸ್ ಯಂತ್ರಕ್ಕೆ ಹೊಸ ಕರ್ನೆಲ್ ಹಾಕಿದವರಿಗೆಲ್ಲ ಇದು ಗೊತ್ತು. ಡಿಸ್ಕಿನ ಬೂಟ್ ವಿಭಾಗದಲ್ಲಿ ಹೊಸ ಕಡತ ಬಂದು ಕೂತಿರುತ್ತದೆ. ಮುಂದಿನ ಸಲ ಅದರಿಂದಲೇ ಶುರುಮಾಡಬೇಕೆಂದು ಗ್ರಬ್ ಎಂಬ ಬೂಟ್ ತಂತ್ರಾಂಶ ಗುರುತು ಹಾಕಿಕೊಂಡಿರುತ್ತದೆ. ಆದರೆ ಆ ಹೊತ್ತಿನಲ್ಲಿ ಯಂತ್ರವನ್ನು ನಡೆಸುತ್ತಿರುವುದು ಮೆಮೊರಿಯಲ್ಲಿ ಕೂತಿರುವ ಹಳೆಯ ಕರ್ನೆಲ್. ‘ಯುನೇಮ್ -ಆರ್’ ಎಂದು ಕೇಳಿದರೆ ಅದು ಹಳೆಯ ಸಂಖ್ಯೆಯನ್ನೇ ಹೇಳುತ್ತದೆ. ಯಾವ ದೋಷಕ್ಕೆ ಹೆದರಿ ನಾವು ಅಪ್‌ಡೇಟ್ ಮಾಡಿದೆವೋ ಆ ದೋಷ ಇದ್ದಲ್ಲೇ ಇದೆ, ಬಾಗಿಲು ತೆರೆದೇ ಇದೆ. ಯಂತ್ರವನ್ನು ಒಮ್ಮೆ ಮಲಗಿಸಿ ಎಬ್ಬಿಸುವವರೆಗೆ ಕೆಲಸ ಅರ್ಧವೂ ಆಗಿಲ್ಲ.

ನಾನು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವಳು. ಲ್ಯಾಬುಗಳಲ್ಲಿ ಇನ್ನೂರರ ಸಮೀಪ ಡೆಸ್ಕ್‌ಟಾಪ್‌ಗಳಿವೆ. ಸರ್ವರ್ ಕೋಣೆಯಲ್ಲಿ ಲಾಗಿನ್ನಿಗೆ, ಮೇಲ್‌ಗೆ, ಅಂಕಗಳಿಗೆ, ಎಲ್ಲರ ಕಡತಗಳಿಗೆ ಎಂದು ಒಂದು ರ್‍ಯಾಕ್ ತುಂಬ ಯಂತ್ರಗಳಿವೆ. ಸಂಶೋಧನೆ ಮಾಡುವವರಿಗೆಂದು ಪುಟ್ಟದೊಂದು ಕ್ಲಸ್ಟರ್ ಇದೆ. ಎಲ್ಲವೂ ಲಿನಕ್ಸ್. ಈ ಕೆಲಸದಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿರುವುದು ಕರ್ನೆಲ್ ಬದಲಿಸುವ ರಾತ್ರಿಗಳು. ಹೊರಗಿನಿಂದ ನೋಡಿದವರಿಗೆ ಅದು ಒಂದು ಸಾಲಿನ ಆಜ್ಞೆ. ಒಂದು ಯಂತ್ರವಾದರೆ ಹಾಗೆಯೇ ಸರಿ. ಯಂತ್ರಗಳು ಹೆಚ್ಚಿದಂತೆ ಕೆಲಸ ಬರೀ ಹೆಚ್ಚುವುದಿಲ್ಲ, ಅದರ ಜಾತಿಯೇ ಬದಲಾಗಿಬಿಡುತ್ತದೆ.

ದೊಡ್ಡ ಮದುವೆಮನೆಯ ಉಗ್ರಾಣವನ್ನು ನೋಡಿದವರಿಗೆ ಕರ್ನೆಲ್ ಏನೆಂದು ಹೇಳುವುದು ಸುಲಭ. ಅಡುಗೆಯವರು ಎಷ್ಟೇ ಮಂದಿ ಇರಲಿ, ಬಡಿಸುವವರು ಎಷ್ಟೇ ಅವಸರದಲ್ಲಿರಲಿ, ಉಗ್ರಾಣದೊಳಗೆ ಯಾರೂ ತಾವಾಗಿ ಕೈಹಾಕುವಂತಿಲ್ಲ. ತುಪ್ಪ ಬೇಕೆಂದರೆ, ಬೆಲ್ಲ ಬೇಕೆಂದರೆ ಬಾಗಿಲಲ್ಲಿ ಕೂತ ಉಗ್ರಾಣಿಯನ್ನು ಕೇಳಬೇಕು. ಯಾರಿಗೆ ಎಷ್ಟು, ಯಾರು ಮೊದಲು, ಯಾರು ಕಾಯಬೇಕು ಎಂಬುದೆಲ್ಲ ಅವನ ತಲೆಯಲ್ಲಿದೆ. ಮೆಮೊರಿ, ಡಿಸ್ಕ್, ಪ್ರೊಸೆಸರ್, ನೆಟ್‌ವರ್ಕ್ ಇವುಗಳ ಉಗ್ರಾಣಿ ಕರ್ನೆಲ್. ಬ್ರೌಸರಾಗಲಿ ಡೇಟಾಬೇಸಾಗಲಿ ಅದನ್ನು ಕೇಳದೆ ಒಂದು ಬೈಟನ್ನೂ ಡಿಸ್ಕಿಗೆ ಬರೆಯಲಾರದು. ಪಂಕ್ತಿ ನಡೆಯುತ್ತಿರುವಾಗ ಉಗ್ರಾಣಿಯನ್ನು ಎಬ್ಬಿಸಿ ಬೇರೊಬ್ಬನನ್ನು ಕೂರಿಸಿದರೆ ಹೊಸಬನಿಗೆ ಯಾರಿಗೆ ಏನು ಕೊಟ್ಟಾಗಿದೆ ಎಂಬ ಲೆಕ್ಕ ಗೊತ್ತಿರುವುದಿಲ್ಲ. ಅದಕ್ಕೇ ಪಂಕ್ತಿ ಎಬ್ಬಿಸಿ, ಲೆಕ್ಕ ಮುಗಿಸಿ, ಹೊಸದಾಗಿ ಶುರುಮಾಡಬೇಕು. ಅದೇ ರೀಬೂಟ್.

ಎಬ್ಬಿಸದೆಯೇ ಬದಲಿಸುವ ದಾರಿ ಹುಡುಕಿದವರೂ ಇದ್ದಾರೆ. ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಜೆಫ್ ಆರ್ನಾಲ್ಡ್ 2008ರ ಸುಮಾರಿಗೆ ಕೆಸ್ಪ್ಲೈಸ್ ಎಂಬುದನ್ನು ಕಟ್ಟಿದರು. ಓಡುತ್ತಿರುವ ಕರ್ನೆಲ್‌ನೊಳಗೆ ದೋಷವಿರುವ ಫಂಕ್ಷನ್‌ಗೆ ಬಂದ ಕರೆಯನ್ನು ಸರಿಪಡಿಸಿದ ಫಂಕ್ಷನ್ ಕಡೆಗೆ ತಿರುಗಿಸುವ ಉಪಾಯ ಅದು. 2011ರಲ್ಲಿ ಆರೇಕಲ್ ಅದನ್ನು ಕೊಂಡುಕೊಂಡಿತು. 2014ರಲ್ಲಿ ರೆಡ್ ಹ್ಯಾಟ್ ಮತ್ತು ಸೂಸೆ ತಮ್ಮ ತಮ್ಮ ವಿಧಾನಗಳನ್ನು ತಂದವು. ಎರಡಕ್ಕೂ ಸಾಮಾನ್ಯವಾದ ಬುಡವನ್ನು ಆರಿಸಿ 2015ರ 4.0 ಕರ್ನೆಲ್‌ನಲ್ಲಿ ಸೇರಿಸಲಾಯಿತು. ನಿಲ್ಲಿಸಲಾಗದ ಯಂತ್ರಗಳಿರುವ ಕಡೆ ಇದು ದೊಡ್ಡ ಉಪಕಾರ, ಬಹಳ ಚೆಂದದ ಎಂಜಿನಿಯರಿಂಗ್ ಕೂಡ. ಆದರೂ ಇದು ಬಂದಿರುವುದು ತುರ್ತು ಭದ್ರತಾ ದೋಷಗಳಿಗಾಗಿ. ಒಳಗಿನ ದತ್ತಾಂಶದ ರಚನೆಯೇ ಬದಲಾಗಬೇಕಾದ ಕಡೆ ಇದಕ್ಕೆ ಕಷ್ಟ. ಒಂದು ಕರ್ನೆಲ್‌ನಿಂದ ಇನ್ನೊಂದಕ್ಕೆ ಪೂರ್ತಿ ದಾಟಿಸುವ ಕೆಲಸವನ್ನಂತೂ ಇದು ಮಾಡುವುದಿಲ್ಲ. ತೇಪೆ ಹಾಕಿದ ಯಂತ್ರವನ್ನೂ ಒಂದಲ್ಲ ಒಂದು ದಿನ ಮಲಗಿಸಿ ಎಬ್ಬಿಸಲೇಬೇಕು.

ಇನ್ನು ನಾವು ಎಬ್ಬಿಸದಿದ್ದರೂ ಕರೆಂಟು ಎಬ್ಬಿಸುತ್ತದೆ. ನಮ್ಮ ಊರುಗಳಲ್ಲಿ ಈ ಕೆಲಸ ಮಾಡುವವರು ಮೊದಲು ಅರ್ಥಮಾಡಿಕೊಳ್ಳಬೇಕಾದ್ದು ಇದನ್ನು. ಹೊಸ ಕರ್ನೆಲನ್ನು ಎಲ್ಲ ಯಂತ್ರಗಳಿಗೂ ಹಾಕಿ, ರೀಬೂಟನ್ನು ಮಾತ್ರ ‘ಪರೀಕ್ಷೆ ಮುಗೀಲಿ’ ಎಂದು ಮುಂದೂಡಿದ್ದೇವೆ ಎಂದುಕೊಳ್ಳಿ. ಮೇ ತಿಂಗಳ ಒಂದು ಸಂಜೆ ಗುಡುಗಿ ಮಳೆ ಬರುತ್ತದೆ, ಕರೆಂಟು ಹೋಗುತ್ತದೆ, ಯುಪಿಎಸ್ ತನ್ನ ಶಕ್ತಿಯಿದ್ದಷ್ಟು ಹೊತ್ತು ಎಳೆದು ಕೈಬಿಡುತ್ತದೆ. ರಾತ್ರಿ ಯಾವಾಗಲೋ ಕರೆಂಟು ಬಂದಾಗ ಅಷ್ಟೂ ಯಂತ್ರಗಳು ಒಟ್ಟಿಗೆ, ಯಾರೂ ಪರೀಕ್ಷಿಸದ ಹೊಸ ಕರ್ನೆಲ್ ಮೇಲೆ ಏಳಲು ನೋಡುತ್ತವೆ. ಎದುರಿಗೆ ಯಾರೂ ಇಲ್ಲ. ಕಡತಗಳನ್ನು ಕೊಡುವ ಸರ್ವರ್ ಇನ್ನೂ ತನ್ನ ಡಿಸ್ಕುಗಳನ್ನು ಪರೀಕ್ಷಿಸುತ್ತಿರುವಾಗ ಅದನ್ನು ನಂಬಿದ ಯಂತ್ರಗಳು ಅದಕ್ಕಾಗಿ ಕಾದು ನಿಂತಿರುತ್ತವೆ. ಲಾಗಿನ್ ಸರ್ವರ್ ಏಳದಿದ್ದರೆ ಎದ್ದ ಯಂತ್ರಗಳೊಳಗೂ ಯಾರೂ ಹೋಗುವಂತಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಬ್ಯಾಚಿನ ವಿದ್ಯಾರ್ಥಿಗಳು ಬಾಗಿಲಲ್ಲಿರುತ್ತಾರೆ. ಅಂದರೆ ರೀಬೂಟ್ ಆಗಬೇಕೋ ಬೇಡವೋ ಎಂಬ ಆಯ್ಕೆ ನಮ್ಮ ಕೈಯಲ್ಲಿ ಎಂದೂ ಇರಲಿಲ್ಲ. ಅದು ನಾವು ಎದುರಿಗಿದ್ದಾಗ, ಒಂದೊಂದಾಗಿ ಆಗಬೇಕೋ, ನಾವಿಲ್ಲದಾಗ ಎಲ್ಲ ಒಟ್ಟಿಗೆ ಆಗಬೇಕೋ ಎಂಬಷ್ಟೇ ನಮಗಿರುವ ಆಯ್ಕೆ.

ಹೀಗಿದ್ದೂ ನಮ್ಮ ವೃತ್ತಿಯಲ್ಲಿ ಒಂದು ಹಳೆಯ ಹೆಮ್ಮೆ ಉಳಿದುಕೊಂಡಿದೆ. ‘ನಮ್ಮ ಸರ್ವರ್ ಎರಡು ವರ್ಷದಿಂದ ನಿಂತೇ ಇಲ್ಲ’ ಎಂದು ಹೇಳಿಕೊಳ್ಳುವ ಹೆಮ್ಮೆ. ವಿಂಡೋಸ್ 95 ಸತತವಾಗಿ ಓಡಿದರೆ 49.7 ದಿನಕ್ಕೆ ನಿಂತುಬಿಡುತ್ತಿದ್ದ ಕಾಲದಲ್ಲಿ ಅದಕ್ಕೊಂದು ಅರ್ಥವಿತ್ತು. 32 ಬಿಟ್‌ಗಳಲ್ಲಿ ಮಿಲಿಸೆಕೆಂಡುಗಳನ್ನು ಎಣಿಸಿದರೆ ಅಷ್ಟು ದಿನಕ್ಕೆ ಎಣಿಕೆ ಮುಗಿಯುತ್ತದೆ, ಅದೇ ಕಾರಣ. ಆದರೆ ಲಿನಕ್ಸಿಗೂ ಇಂಥದೇ ಒಂದು ಗತಿ ಬಂದದ್ದುಂಟು. 2.6.32ರ ಕಾಲದ ಕೆಲವು ಕರ್ನೆಲ್‌ಗಳಲ್ಲಿ ಯಂತ್ರ ಸುಮಾರು 208 ದಿನ ಬಿಡದೆ ಓಡಿದ ಮೇಲೆ ಒಳಗಿನ ಕಾಲದ ಎಣಿಕೆ ಮಿತಿಮೀರಿ ಯಂತ್ರ ಕುಸಿಯುತ್ತಿತ್ತು. ಆಗಾಗ ರೀಬೂಟ್ ಮಾಡುತ್ತಿದ್ದವರು ಆ ದೋಷವನ್ನು ಕಾಣಲೇ ಇಲ್ಲ. ದೀರ್ಘಾಯುಸ್ಸಿನ ಹೆಮ್ಮೆ ಇದ್ದವರ ಯಂತ್ರಗಳೇ ಬಿದ್ದವು, ಅದೂ ಒಂದೇ ದಿನ ಶುರುಮಾಡಿದ ಯಂತ್ರಗಳಾದರೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಬಹಳ ದಿನ ನಿಲ್ಲದೆ ಓಡಿದ ಯಂತ್ರವನ್ನು ನಾನು ಆರೋಗ್ಯವಂತ ಯಂತ್ರ ಎನ್ನುವುದಿಲ್ಲ. ಅದು ಮತ್ತೆ ಏಳುತ್ತದೆಯೇ ಎಂಬುದು ಯಾರಿಗೂ ಗೊತ್ತಿಲ್ಲದ ಯಂತ್ರ, ಅಷ್ಟೇ. ಅದರ ಮೇಲೆ ಯಾರೋ ಕೈಯಲ್ಲಿ ಶುರುಮಾಡಿ ಮರೆತ ಸೇವೆಯೊಂದು ಓಡುತ್ತಿರಬಹುದು. ತಾನಾಗಿ ಶುರುವಾಗುವ ಪಟ್ಟಿಯಲ್ಲಿ ಅದರ ಹೆಸರಿರುವುದಿಲ್ಲ, ಶುರುಮಾಡಿದವರು ಕೆಲಸ ಬಿಟ್ಟು ಹೋಗಿರುತ್ತಾರೆ.

ಇಷ್ಟೊಂದು ಅಪ್‌ಡೇಟ್ ಯಾಕೆ ಬರುತ್ತವೆ ಎಂದು ಪ್ರಾಂಶುಪಾಲರೊಬ್ಬರು ನನ್ನನ್ನು ಕೇಳಿದ್ದರು. ನ್ಯಾಯವಾದ ಪ್ರಶ್ನೆ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಹೊರಬಿಟ್ಟ ಮೊದಲ ಕರ್ನೆಲ್ ಸುಮಾರು ಹತ್ತು ಸಾವಿರ ಸಾಲಿನದು. ಇಂದು ಅದು ಮೂರು ಕೋಟಿ ಸಾಲನ್ನು ದಾಟಿದೆ. ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ನಡುವೆ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಮತ್ತು ಅವರ ಜೊತೆಗಾರರು ಹೆಚ್ಚುಕಡಿಮೆ ವಾರವಾರವೂ ಸ್ಥಿರ ಆವೃತ್ತಿಗಳನ್ನು ಬಿಡುತ್ತಾರೆ, ಆ ಸರಣಿ ಬಳಸುವವರೆಲ್ಲ ಅಪ್‌ಡೇಟ್ ಮಾಡಲೇಬೇಕು ಎಂಬ ಮಾತಿನೊಂದಿಗೆ. ಕಾಲೇಜಿನಂಥ ಕಡೆ ಅಷ್ಟು ವೇಗಕ್ಕೆ ಓಡಲಾಗದು. ಆದ್ದರಿಂದ 5.15, 6.1, 6.6ರಂಥ ದೀರ್ಘಾವಧಿ ಕರ್ನೆಲ್‌ಗಳು, ಅಥವಾ ಡೆಬಿಯನ್, ಉಬುಂಟು, ರೆಡ್ ಹ್ಯಾಟ್‌ನವರು ತಾವೇ ಕಾಪಾಡಿಕೊಂಡು ಬರುವ ಕರ್ನೆಲ್‌ಗಳು. ಇವುಗಳಲ್ಲಿ ಹೊಸ ದೋಷಪರಿಹಾರಗಳನ್ನು ಹಿಂದಕ್ಕೆ ತಂದು ಹಳೆಯ ಆವೃತ್ತಿಗೆ ಹೊಲಿಯುತ್ತಾರೆ. ರೆಡ್ ಹ್ಯಾಟ್ 9ರ ಕರ್ನೆಲ್ 5.14 ಎಂದೇ ಹೇಳಿಕೊಳ್ಳುತ್ತದೆ, ಒಳಗೆ ಅದಕ್ಕಿಂತ ಬಹಳ ಈಚಿನ ಪರಿಹಾರಗಳಿರುತ್ತವೆ. ಆಡಿಟ್‌ಗೆ ಬಂದವರು ಆ ಸಂಖ್ಯೆ ನೋಡಿ ‘ಹಳೇದು’ ಎಂದು ಬರೆದುಕೊಳ್ಳುತ್ತಾರೆ. ಅವರನ್ನು ಕೂರಿಸಿ ತಾಳ್ಮೆಯಿಂದ ವಿವರಿಸಬೇಕು.

ಆದರೆ ಕರ್ನೆಲ್ ದೋಷ ಎಂದರೆ ಕಾಲೇಜಿಗೆ ಯಾಕೆ ಇಷ್ಟು ಮುಖ್ಯ ಎಂಬುದನ್ನು ನಾನು ಬೇರೆಯೇ ರೀತಿ ಹೇಳಬಯಸುತ್ತೇನೆ. ಬೇರೆ ಸಂಸ್ಥೆಗಳಲ್ಲಿ ಹೊರಗಿನವರು ಮೊದಲು ಒಳಗೆ ಬರಬೇಕು. ನಮ್ಮಲ್ಲಿ ಎಲ್ಲರೂ ಆಗಲೇ ಒಳಗಿದ್ದಾರೆ. ಪ್ರತಿ ವಿದ್ಯಾರ್ಥಿಗೂ ಒಂದು ಲಾಗಿನ್ ಇದೆ, ಅದು ಅವರ ಹಕ್ಕು. ಒಬ್ಬರ ಮನೆಗೋಡೆ ದಾಟಿ ಇನ್ನೊಬ್ಬರ ಕಡತಕ್ಕೆ ಕೈಹಾಕದಂತೆ ತಡೆದಿರುವುದು ಕರ್ನೆಲ್ ಮಾತ್ರ. 2016ರ ಅಕ್ಟೋಬರ್‌ನಲ್ಲಿ ಬಯಲಾದ ಡರ್ಟಿ ಕೌ ದೋಷ ಆ ಗೋಡೆಯನ್ನೇ ತೆಗೆದುಹಾಕಿತ್ತು. ಸಾಮಾನ್ಯ ಲಾಗಿನ್ ಇರುವ ಯಾರೇ ಆದರೂ ಕ್ಷಣಗಳಲ್ಲಿ ರೂಟ್, ಅಂದರೆ ಯಂತ್ರದ ಒಡೆಯ, ಆಗಬಹುದಿತ್ತು. 2007ರ 2.6.22 ಆವೃತ್ತಿಯಿಂದ, ಒಂಬತ್ತು ವರ್ಷ, ಅದು ಬಳಸಿಕೊಳ್ಳಬಹುದಾದ ರೂಪದಲ್ಲಿ ಅಲ್ಲೇ ಇತ್ತು. ಅದರ ಬೇರನ್ನು ತಾವು ಹನ್ನೊಂದು ವರ್ಷ ಹಿಂದೆಯೇ ಸರಿಮಾಡಲು ನೋಡಿದ್ದಾಗಿಯೂ, ಬೇರೊಂದು ಬಗೆಯ ಯಂತ್ರದಲ್ಲಿ ತೊಂದರೆಯಾಗಿ ಆ ತಿದ್ದುಪಡಿಯನ್ನು ಹಿಂದೆಗೆಯಬೇಕಾಯಿತೆಂದೂ ಟೋರ್ವಾಲ್ಡ್ಸ್ ತಮ್ಮ ಪ್ಯಾಚಿನ ಟಿಪ್ಪಣಿಯಲ್ಲಿ ಬರೆದರು. ನನಗೆ ಆ ಟಿಪ್ಪಣಿಯ ಮೇಲೆ ತುಂಬ ಗೌರವ.

ಡರ್ಟಿ ಪೈಪ್ ಕಥೆ ಇನ್ನೂ ಚೆನ್ನಾಗಿದೆ. ಜರ್ಮನಿಯ ಮ್ಯಾಕ್ಸ್ ಕೆಲ್ಲರ್‌ಮನ್ ಅವರ ಸಂಸ್ಥೆಗೆ 2021ರಲ್ಲಿ ಗ್ರಾಹಕರೊಬ್ಬರ ದೂರು ಬಂತು: ಇಳಿಸಿಕೊಂಡ ಲಾಗ್ ಕಡತ ಬಿಚ್ಚಲು ಬರುತ್ತಿಲ್ಲ. ಸರಿಮಾಡಿ ಕೊಟ್ಟರು. ತಿಂಗಳುಗಳ ನಂತರ ಮತ್ತೆ ಅದೇ. ನೋಡಿದರೆ ಕೆಡುತ್ತಿದ್ದದ್ದು ಹೆಚ್ಚಾಗಿ ತಿಂಗಳ ಕೊನೆಯ ದಿನದ ಕಡತ, ಅದರ ಕೊನೆಯ ಎಂಟು ಬೈಟುಗಳು. ಬೇರೆ ಯಾರಾದರೂ ಆಗಿದ್ದರೆ ಡಿಸ್ಕಿನ ಮೇಲೋ ಮೆಮೊರಿಯ ಮೇಲೋ ತಪ್ಪು ಹೊರಿಸಿ ಕೈತೊಳೆದುಕೊಳ್ಳುತ್ತಿದ್ದರು. ಅವರು ಬಿಡಲಿಲ್ಲ. ಹಿಡಿದು ಹಿಡಿದು ಹೋಗಿ ಕೊನೆಗೆ ಕರ್ನೆಲ್‌ನ ಪೈಪ್ ವ್ಯವಸ್ಥೆಯೊಳಗೆ, ಮೊದಲೇ ಸೊನ್ನೆ ಮಾಡದೆ ಬಿಟ್ಟ ಒಂದು ಗುರುತಿನ ತನಕ ಮುಟ್ಟಿದರು. 2020ರ 5.8ರಿಂದ ಮುಂದಿನ ಕರ್ನೆಲ್‌ಗಳಲ್ಲಿ ಓದಲು ಮಾತ್ರ ಅನುಮತಿಯಿರುವ ಕಡತದ ಮೇಲೂ ಬರೆಯಬಹುದಾದ ದಾರಿ ಅದು. 2022ರ ಮಾರ್ಚ್‌ನಲ್ಲಿ ಅದು ಜಗತ್ತಿಗೆ ತಿಳಿಯಿತು. ಪರಿಹಾರ ಎರಡೇ ಸಾಲು. ಆ ಎರಡು ಸಾಲಿಗಾಗಿ ಪ್ರಪಂಚದಾದ್ಯಂತ ಸರ್ವರ್‌ಗಳನ್ನು ಮಲಗಿಸಿ ಎಬ್ಬಿಸಬೇಕಾಯಿತು, ನಮ್ಮ ಲ್ಯಾಬುಗಳಲ್ಲೂ. ಸುದ್ದಿ ಬಂದ ಸಂಜೆಯೇ ವಿದ್ಯಾರ್ಥಿಗಳ ಫೋನುಗಳಲ್ಲಿ ಅದನ್ನು ಬಳಸುವ ಪ್ರೋಗ್ರಾಂ ಓಡಾಡುತ್ತಿತ್ತು. ಕುತೂಹಲ ಆ ವಯಸ್ಸಿನ ಗುಣ, ಅದನ್ನು ನಾನು ತಪ್ಪೆನ್ನಲಾರೆ. ಗೋಡೆ ಗಟ್ಟಿಯಾಗಿರುವಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ.

ಹಾಗೆಂದು ಬಂದ ಅಪ್‌ಡೇಟನ್ನೆಲ್ಲ ಬಂದ ಗಳಿಗೆಯಲ್ಲೇ ಎಲ್ಲ ಕಡೆ ಸುರಿಯುವುದೂ ಜಾಣತನವಲ್ಲ. 2023ರ ಡಿಸೆಂಬರ್‌ನಲ್ಲಿ ಡೆಬಿಯನ್ 12.3 ಹೊರಬರುವ ದಿನವೇ ಅದನ್ನು ತಡೆಹಿಡಿದರು. ಅದರಲ್ಲಿದ್ದ 6.1.64 ಕರ್ನೆಲ್‌ನಿಂದ ಎಕ್ಸ್‌ಟ್4 ಡಿಸ್ಕುಗಳಲ್ಲಿ ಕಡತ ಕೆಡುವ ಅಪಾಯವಿತ್ತು. ಜೊತೆಯಾಗಿ ಬರಬೇಕಿದ್ದ ಎರಡು ತಿದ್ದುಪಡಿಗಳಲ್ಲಿ ಒಂದು ಮಾತ್ರ ಹಿಂದಕ್ಕೆ ಬಂದು ಇನ್ನೊಂದು ಬಾರದೆ ಹೋದದ್ದು ಕಾರಣ. ಮರುದಿನ 12.4 ಬಂತು. ಒಂದೇ ದಿನದ ಅಂತರ. ಆ ಒಂದು ದಿನ ಕಾದವರಿಗೆ ಏನೂ ಆಗಲಿಲ್ಲ.

ಒಂದೇ ಸಲ ಎಲ್ಲ ಕಡೆ ಸುರಿದರೆ ಏನಾಗುತ್ತದೆಂದು ತೋರಿಸಿದ 2024ರ ಜುಲೈ 19ರ ಶುಕ್ರವಾರವನ್ನು ಬೆಂಗಳೂರಿನವರೂ ಮರೆತಿರಲಾರರು. ಅಂದು ಕೆಟ್ಟದ್ದು ಕರ್ನೆಲ್ ಅಲ್ಲ, ವಿಂಡೋಸ್ ಕರ್ನೆಲ್‌ನ ಒಳಗೆ ಕೂತು ಕೆಲಸ ಮಾಡುವ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಓದುವ ಒಂದು ಸಣ್ಣ ಕಡತ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ ಅದು ಹೊರಟಿತು, 10.57ಕ್ಕೆ ಹಿಂದೆಗೆದುಕೊಂಡರು. ನಡುವಿನ 78 ನಿಮಿಷಗಳಲ್ಲಿ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಕೆಂಪೇಗೌಡ ವಿಮಾನ ನಿಲ್ದಾಣವೂ ಸೇರಿ ದೇಶದ ಹಲವು ನಿಲ್ದಾಣಗಳಲ್ಲಿ ಚೆಕ್-ಇನ್ ಕೆಲಸ ಕೈಯಲ್ಲೇ ನಡೆಯಿತು. ಪ್ರಯಾಣಿಕರ ಕೈಗೆ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸುಗಳು ಬಂದವು. ಕಡತ ಕಳಿಸಲು ಒಂದು ಗುಂಡಿ ಸಾಕಾಗಿತ್ತು. ಸರಿಮಾಡಲು ಮಾತ್ರ ಹೆಚ್ಚಿನ ಕಡೆ ಒಬ್ಬೊಬ್ಬರು ಒಂದೊಂದು ಯಂತ್ರದ ಮುಂದೆ ಹೋಗಿ ನಿಂತು, ಸೇಫ್ ಮೋಡ್‌ಗೆ ಹಾಕಿ, ಆ ಕಡತ ಅಳಿಸಿ, ಮತ್ತೆ ಎಬ್ಬಿಸಬೇಕಾಯಿತು. ಡಿಸ್ಕಿಗೆ ಬೀಗ ಹಾಕಿದ್ದ ಕಡೆ ಅದರ ಉದ್ದನೆಯ ಕೀಲಿ ಸಂಖ್ಯೆಯನ್ನೂ ಹುಡುಕಬೇಕಾಯಿತು. ಆ ವಾರಾಂತ್ಯ ಜಗತ್ತಿನ ಎಷ್ಟು ಕಚೇರಿಗಳಲ್ಲಿ ನನ್ನಂಥವರು ಮೇಜಿನಿಂದ ಮೇಜಿಗೆ ನಡೆದಿರಬಹುದು! ಮೊದಲು ಕೆಲವೇ ಯಂತ್ರಗಳಿಗೆ ಕಳಿಸಿ ಒಂದು ಗಂಟೆ ನೋಡಿದ್ದರೆ ಅದು ಅಲ್ಲೇ ನಿಲ್ಲುತ್ತಿತ್ತು. ಹಂತಹಂತವಾಗಿ ಕಳಿಸುವ ಕ್ರಮವನ್ನು ಆ ಸಂಸ್ಥೆ ಆಮೇಲೆ ತಂದಿತು.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ: ಎಲ್ಲ ಯಂತ್ರಗಳಿಗೂ ಮಾಡಿ ಒಂದನ್ನು ಬಿಡುವುದು. 2012ರ ಆಗಸ್ಟ್ 1ರಂದು ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಷೇರು ವಹಿವಾಟಿನ ಸಂಸ್ಥೆಯಲ್ಲಿ ಆದದ್ದು ಅದು. ಹೊಸ ತಂತ್ರಾಂಶ ಹಾಕಬೇಕಿದ್ದ ಸರ್ವರ್‌ಗಳು ಎಂಟು, ಹಾಕಿದ್ದು ಏಳಕ್ಕೆ. ಎಂಟನೆಯದರಲ್ಲಿ ವರ್ಷಗಳಿಂದ ಬಳಸದೆ ಬಿಟ್ಟಿದ್ದ ಹಳೆಯ ಕೋಡ್ ಎಚ್ಚೆತ್ತು ಹುಚ್ಚಾಪಟ್ಟೆ ಕೊಳ್ಳುತ್ತ ಮಾರುತ್ತ ಹೋಯಿತು. ಮುಕ್ಕಾಲು ಗಂಟೆಯಲ್ಲಿ 46 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ಸಂಸ್ಥೆ ಸ್ವತಂತ್ರವಾಗಿ ಉಳಿಯಲಿಲ್ಲ. ಕರ್ನೆಲ್ ಕಥೆಯಲ್ಲದಿದ್ದರೂ ಹಲವು ಯಂತ್ರಗಳನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ಈ ಎಂಟನೆಯ ಸರ್ವರ್ ನೆನಪಿರಬೇಕು. ನನ್ನ ಪಟ್ಟಿಯಲ್ಲಿ ‘ಆಜ್ಞೆ ಕಳಿಸಿದೆ’ ಎಂಬ ಕಾಲಂ ಇಲ್ಲ. ‘ಎದ್ದ ಮೇಲೆ ಯಾವ ಕರ್ನೆಲ್ ಹೇಳಿತು’ ಎಂಬ ಕಾಲಂ ಇದೆ. ಆನ್ಸಿಬಲ್ ಎಂಬ ಸಲಕರಣೆ ನೂರು ಯಂತ್ರಗಳ ಜೊತೆ ಒಟ್ಟಿಗೆ ಮಾತಾಡುತ್ತದೆ. ಆದರೆ ಅಂದು ಆಫ್ ಆಗಿದ್ದ ಯಂತ್ರ ಅದಕ್ಕೆ ಉತ್ತರ ಕೊಡುವುದಿಲ್ಲ, ಮೂಲೆಯಲ್ಲಿ ಕೇಬಲ್ ಕಿತ್ತ ಯಂತ್ರವೂ ಕೊಡುವುದಿಲ್ಲ. ಅವನ್ನು ಹುಡುಕಿಕೊಂಡು ಮನುಷ್ಯರೇ ಹೋಗಬೇಕು.

ನಮ್ಮ ದೊಡ್ಡ ಸರದಿ ಬರುವುದು ದಸರಾಕ್ಕೆ. ಆಯುಧಪೂಜೆಗೆಂದು ಪ್ರತಿ ಲ್ಯಾಬನ್ನೂ ಬಾಚಿ ಗುಡಿಸುತ್ತಾರೆ. ಯಂತ್ರಗಳ ಹೊಟ್ಟೆ ತೆರೆದು ಬ್ಲೋಯರ್‌ನಲ್ಲಿ ವರ್ಷದ ದೂಳನ್ನು ಹೊರಗಟ್ಟುತ್ತಾರೆ. ಪೂಜೆಯ ದಿನ ಅರಿಶಿನ ಕುಂಕುಮ, ಚೆಂಡುಹೂವು ಏರಿದ ಮೇಲೆ ಯಾರೂ ಮುಟ್ಟುವುದಿಲ್ಲ. ಆದ್ದರಿಂದ ಅದರ ಹಿಂದಿನ ರಾತ್ರಿಗಳು ನಮ್ಮವು. ಹೊಸ ಕರ್ನೆಲ್ ಅಷ್ಟರಲ್ಲಿ ನನ್ನ ಮೇಜಿನ ಯಂತ್ರದಲ್ಲಿ ಕೆಲವು ವಾರ ಓಡಿರುತ್ತದೆ, ಆಮೇಲೆ ಒಂದು ಲ್ಯಾಬಿನ ಒಂದು ಸಾಲಿನಲ್ಲಿ. ಅಲ್ಲಿ ಏನೂ ಕೇಡಾಗದಿದ್ದರೆ ಉಳಿದವಕ್ಕೆ. ಸರ್ವರ್‌ಗಳಲ್ಲಿ ಜೋಡಿ ಇರುವ ಕಡೆ ಒಂದು ಎದ್ದು ನಿಂತ ಮೇಲೆಯೇ ಇನ್ನೊಂದನ್ನು ಮಲಗಿಸುವುದು. ಹಳೆಯ ಕರ್ನೆಲನ್ನು ಅಳಿಸುವುದಿಲ್ಲ. ಹೊಸದು ಕೈಕೊಟ್ಟರೆ ಗ್ರಬ್ ಪಟ್ಟಿಯಲ್ಲಿ ಕೆಳಗಿರುವ ಆ ಹಳೆಯದೇ ನಮ್ಮ ಆಸರೆ.

ಒಂದೇ ಬಿಲ್ಲಿನಲ್ಲಿ, ಒಂದೇ ದಿನ ಬಂದ ಯಂತ್ರಗಳೂ ಎರಡು ವರ್ಷದಲ್ಲಿ ಬೇರೆಬೇರೆಯಾಗಿಬಿಡುತ್ತವೆ. ಇದನ್ನು ಆ ರಾತ್ರಿಗಳಲ್ಲಿ ಕಾಣಬೇಕು. ಒಂದರಲ್ಲಿ ಬೂಟ್ ವಿಭಾಗ ಹಳೆಯ ಕರ್ನೆಲ್‌ಗಳಿಂದಲೇ ತುಂಬಿ ಹೊಸದರ ಜೊತೆ ಬೇಕಾದ ಇನಿಟ್‌ರಾಮ್‌ಎಫ್‌ಎಸ್ ಎಂಬ ಕಡತ ಅರ್ಧ ಬರೆದು ನಿಂತಿರುತ್ತದೆ. ಹಾಗೇ ಎಬ್ಬಿಸಿದರೆ ರೂಟ್ ಡಿಸ್ಕ್ ಸಿಗಲಿಲ್ಲವೆಂದು ಕರ್ನೆಲ್ ಪ್ಯಾನಿಕ್. ಇನ್ನೊಂದಕ್ಕೆ ಯಾರದೋ ಪ್ರಾಜೆಕ್ಟಿಗೆಂದು ಗ್ರಾಫಿಕ್ಸ್ ಕಾರ್ಡ್ ಹಾಕಿರುತ್ತಾರೆ. ಎನ್‌ವಿಡಿಯಾ ಮಾಡ್ಯೂಲ್ ಹೊಸ ಕರ್ನೆಲ್‌ಗೆ ಹೊಂದುವಂತೆ ಮತ್ತೆ ಕಟ್ಟಿಕೊಳ್ಳದೆ ಪರದೆ ಕಪ್ಪಾಗುತ್ತದೆ. ಮತ್ತೊಂದರ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿರುತ್ತದೆ. ಕರೆಂಟು ತೆಗೆದು ದೂಳು ಹೊಡೆದು ಮತ್ತೆ ಹಾಕಿದಾಗ ಅದರ ಗಡಿಯಾರ ಎಷ್ಟೋ ವರ್ಷ ಹಿಂದಿನ ಜನವರಿ 1ಕ್ಕೆ ಹೋಗಿ ನಿಂತು, ‘ಈ ಪ್ಯಾಕೇಜ್ ಪಟ್ಟಿ ಇನ್ನೂ ಜಾರಿಗೇ ಬಂದಿಲ್ಲ’ ಎಂದು ಹೇಳಿ ಅಪ್‌ಡೇಟನ್ನೇ ಒಲ್ಲೆನ್ನುತ್ತದೆ.

ನಮ್ಮ ಲ್ಯಾಬಿನ ಹಿರಿಯ ಅಟೆಂಡರ್‌ಗೆ ಕರ್ನೆಲ್ ಎಂದರೆ ಏನೆಂದು ಯಾರೂ ಕಲಿಸಿಲ್ಲ. ಆದರೆ ಯಂತ್ರ ಏಳುವ ಸದ್ದನ್ನು ಅವರಷ್ಟು ಬಲ್ಲವರಿಲ್ಲ. ನಾನು ಸರ್ವರ್ ಕೋಣೆಯಲ್ಲಿ ಪಿಂಗ್ ನೋಡುತ್ತ ಕೂತಿರುವಾಗ ಮೇಲಿನ ಮಹಡಿಯಿಂದ ಫೋನ್ ಬರುತ್ತದೆ. ‘ಮೇಡಂ, ಕಿಟಕಿ ಸಾಲಿನ ಕಡೇದು ಏಳ್ತಾ ಇಲ್ಲ. ಫ್ಯಾನ್ ತಿರುಗ್ತದೆ, ಲೈಟ್ ಬಂದದೆ, ಬೀಪ್ ಬರಲಿಲ್ಲ.’

‘ಪರದೆ ಮೇಲೆ ಏನಾದ್ರೂ ಬರೆದಿದೆಯಾ ನೋಡಿ.’

‘ಎಫ್1 ಒತ್ತು ಅಂತದೆ ಮೇಡಂ. ಒತ್ತಿದೆ. ಹ್ಞಾಂ, ಈಗ ಬಂತು.’

ದೂರದಿಂದ ನೂರು ಯಂತ್ರಗಳನ್ನು ಆಳುವ ಎಲ್ಲ ಸಲಕರಣೆಗಳ ನಡುವೆಯೂ ಆ ಎಫ್1 ಒತ್ತಲು ಒಂದು ಬೆರಳು ಬೇಕು. ಎಬ್ಬಿಸಿದಾಗ ಕೆಲವು ಏಳದಿರುವುದು ದೊಡ್ಡವರಿಗೂ ತಪ್ಪಿದ್ದಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಕ್ಸೆನ್ ಎಂಬ ಬುಡದ ತಂತ್ರಾಂಶದ ದೋಷಕ್ಕಾಗಿ ಅಮೆಜಾನ್ ತನ್ನ ಕ್ಲೌಡ್‌ನ ಒಂದು ಭಾಗವನ್ನು ರೀಬೂಟ್ ಮಾಡಿತು. ನೆಟ್‌ಫ್ಲಿಕ್ಸ್‌ನ 2,700ಕ್ಕೂ ಹೆಚ್ಚು ಕಸ್ಸಾಂಡ್ರಾ ಡೇಟಾಬೇಸ್ ಯಂತ್ರಗಳಲ್ಲಿ 218 ಈ ಸರದಿಗೆ ಬಂದವು. ಅವುಗಳಲ್ಲಿ 22 ಏಳಲಿಲ್ಲ. ಹತ್ತಕ್ಕೆ ಒಂದು! ಅವರು ಯಂತ್ರಗಳನ್ನು ಬೇಕೆಂದೇ ಆಗಾಗ ಬೀಳಿಸಿ ಅಭ್ಯಾಸ ಮಾಡಿಕೊಂಡಿದ್ದರಿಂದ, ಬಿದ್ದವುಗಳ ಜಾಗಕ್ಕೆ ಹೊಸವು ತಾವಾಗಿ ಬಂದು ನಿಂತು ನೋಡುಗರಿಗೆ ಏನೂ ತಿಳಿಯಲಿಲ್ಲ. ರೀಬೂಟ್‌ಗೆ ಹೆದರದವರೆಂದರೆ ಅದನ್ನು ರೂಢಿ ಮಾಡಿಕೊಂಡವರೇ.

ಯಂತ್ರಗಳ ಮಾತು ಇಷ್ಟು. ಹೆಚ್ಚು ಸಮಯ ಹಿಡಿಯುವುದು ಮನುಷ್ಯರ ಜೊತೆಗಿನ ಮಾತುಕತೆ. ಕ್ಲಸ್ಟರಿನಲ್ಲಿ ಪಿಎಚ್‌.ಡಿ. ಹುಡುಗಿಯೊಬ್ಬಳ ಲೆಕ್ಕಾಚಾರ ಒಂದು ವಾರದಿಂದ ಓಡುತ್ತಿತ್ತು. ‘ಮೇಡಂ, ಇನ್ನೆರಡು ದಿನ ಬಿಡಿ, ಈಗ ನಿಲ್ಸಿದ್ರೆ ಎಲ್ಲ ಮೊದಲಿಂದ’ ಎಂದಳು. ಅವಳ ಆತಂಕ ನಿಜ. ಇಂಥ ಕಡೆ ಆಜ್ಞೆ ಮಾಡುವ ಅಧಿಕಾರ ನನಗಿದೆ ಎಂದು ಅದನ್ನು ಬಳಸಬಾರದು. ಕ್ಲಸ್ಟರಿನ ಕೆಲಸಗಳನ್ನು ಹಂಚುವ ಸ್ಲರ್ಮ್‌ನಲ್ಲಿ ‘ಡ್ರೇನ್’ ಎಂಬ ವ್ಯವಸ್ಥೆ ಇದೆ. ಯಂತ್ರ ಹೊಸ ಕೆಲಸ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ, ಕೈಯಲ್ಲಿರುವುದನ್ನು ಮುಗಿಸಿಕೊಡುತ್ತದೆ, ಖಾಲಿಯಾದ ಮೇಲೆ ಅದನ್ನು ಮಲಗಿಸಬಹುದು. ಹಾಗೆಯೇ ಮಾಡಿದೆವು. ಜೊತೆಗೆ ಅವಳ ಪಕ್ಕ ಕೂತು, ಲೆಕ್ಕಾಚಾರ ಕೆಲವು ಗಂಟೆಗೊಮ್ಮೆ ತಾನಿರುವ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟುಕೊಳ್ಳುವಂತೆ ಅವಳ ಪ್ರೋಗ್ರಾಮನ್ನು ತಿದ್ದಿದೆವು. ಮುಂದಿನ ಮಳೆಗಾಲದಲ್ಲಿ ಕರೆಂಟು ಹೋದಾಗ ಅವಳು ಕಳೆದುಕೊಂಡದ್ದು ಒಂದೆರಡು ಗಂಟೆಯ ಕೆಲಸ ಮಾತ್ರ. ರೀಬೂಟಿನ ನೆಪದಲ್ಲಿ ಆದ ಇಂಥ ತಿದ್ದುಪಡಿಗಳು ನಮ್ಮ ಕಾಲೇಜಿನಲ್ಲಿ ಬಹಳ ಇವೆ. ಅವುಗಳ ಲಾಭ ಯಾವ ವರದಿಯಲ್ಲೂ ಬರುವುದಿಲ್ಲ.

ನಿಲ್ಲಿಸುವ ಸಮಯ ಬಂದಾಗ ಎಲ್ಲರಿಗೂ ಬೇಗ ತಿಳಿಸಬೇಕು ಎಂಬುದು ನನ್ನ ಇನ್ನೊಂದು ಹಟ. ‘ಸರ್ವರ್ ನಿರ್ವಹಣೆ, ಅಡಚಣೆಗೆ ವಿಷಾದಿಸುತ್ತೇವೆ’ ಎಂಬ ನೋಟಿಸಿನಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಯಾವ ಯಂತ್ರ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು, ಯಾಕೆ, ಅಷ್ಟರೊಳಗೆ ನೀವು ಏನು ಉಳಿಸಿಕೊಳ್ಳಬೇಕು, ಸಂಶಯವಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಬಾಗಿಲಿಗೆ ಅಂಟಿಸುತ್ತೇವೆ. ಲೈಬ್ರರಿಯ ಕೌಂಟರಿನವರಿಗೆ, ಪರೀಕ್ಷಾ ವಿಭಾಗದವರಿಗೆ ಖುದ್ದಾಗಿ ಹೋಗಿ ಹೇಳುತ್ತೇವೆ. ಹೀಗೆ ಹೇಳಿದ ಮೇಲೆ ಕೋಪ ಮಾಡಿಕೊಂಡವರನ್ನು ನಾನು ಕಂಡಿಲ್ಲ. ಜನ ಸಿಟ್ಟಾಗುವುದು ಯಂತ್ರ ನಿಂತದ್ದಕ್ಕಲ್ಲ, ತಮಗೆ ಹೇಳದೆ ನಿಲ್ಲಿಸಿದ್ದಕ್ಕೆ.

ಕಾಲೇಜು, ಆಸ್ಪತ್ರೆ, ಸಹಕಾರಿ ಬ್ಯಾಂಕು, ಕಾರ್ಖಾನೆ, ಏನನ್ನೇ ನಡೆಸುವವರಾಗಿರಿ, ನಿಮ್ಮಲ್ಲಿ ನನ್ನದೊಂದು ಕೋರಿಕೆ ಇದೆ. ತಿಂಗಳಿಗೆ ಒಂದು ರಾತ್ರಿಯನ್ನು ಕ್ಯಾಲೆಂಡರಿನಲ್ಲಿ ಈ ಕೆಲಸಕ್ಕೆಂದು ಬರೆದಿಡಿ. ತನಿಖಾ ತಂಡ ಬರುತ್ತದೆಂದೋ ಪರೀಕ್ಷೆ ಇದೆಯೆಂದೋ ಅದನ್ನು ಮುಂದೂಡಲೇಬೇಕಾದರೆ ಮುಂದಿನ ತಾರೀಖನ್ನು ಅದೇ ಮಾತಿನಲ್ಲಿ ಕೊಡಿ. ಮೊದಲು ಪರೀಕ್ಷಿಸಿ ನೋಡಲು ಒಂದು ಹೆಚ್ಚಿನ ಯಂತ್ರವನ್ನು, ಸತ್ತ ಬ್ಯಾಟರಿಗಳಿಗೆ ಚಿಲ್ಲರೆ ಖರ್ಚನ್ನು ಮಂಜೂರು ಮಾಡಿ. ಆ ರಾತ್ರಿ ಎದ್ದಿದ್ದವರಿಗೆ, ಅಟೆಂಡರ್‌ಗೂ ಸೇರಿಸಿ, ಮರುದಿನ ರಜೆ ಕೊಡಿ.